ಬಿಸಿಲೂರಿನಲ್ಲಿ ಎರಡು ರಾತ್ರಿ

ಬೇಸಿಗೆ ರಜೆಯಲ್ಲಿ ಎಲ್ಲಿಗೆ ಹೋಗೋಣ ಎಂಬ ಮಾತು ಎದ್ದಾಗ ಮನೆಮಂದಿ ಮೊದಲು ಕೇಳಿಕೊಳ್ಳುವುದು, ತಂಪಾಗಿರುವುದು ಎಲ್ಲಿ ಎಂದು. ಊಟಿ, ಕೊಡೈಕೆನಾಲ್, ಮಡಿಕೇರಿ, ಚಿಕ್ಕಮಗಳೂರು ಎಂಬ ಉತ್ತರವೂ ಬಾಯಲ್ಲೇ ಇರುತ್ತದೆ. ಹೀಗೆ ಎಲ್ಲರೂ ಒಂದೇ ಉತ್ತರಕ್ಕೆ ಬಂದಿದ್ದರಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗಳಿಗೆ ವಾಹನ ತೆಗೆದುಕೊಂಡು ಹೋಗುವವರು ಇ-ಪಾಸ್ ಪಡೆಯಲೇಬೇಕಾಯಿತು. ಎರಡು ದಿನದ ರಜೆಯಲ್ಲಿ ಅರ್ಧ ದಿನ ಘಾಟಿಯ ತಿರುವುಗಳಲ್ಲಿ ಕಾರಿನೊಳಗೆ ಕಳೆದುಹೋದರೆ ಆ ತಂಪಿನಿಂದ ಪ್ರಯೋಜನವೇನು? ನನ್ನ ವಾದ ಇಷ್ಟು: ಬೇಸಿಗೆಯ ಚಿಕ್ಕ ಪ್ರವಾಸಕ್ಕೆ ತಂಪಾದ ಜಾಗಕ್ಕಿಂತ ತಂಪು ಹೊತ್ತು ಮುಖ್ಯ. ನೂರಾರು ವರ್ಷ ಬಿಸಿಲಿನೊಡನೆ ಬದುಕಿ, ತನ್ನ ವ್ಯಾಪಾರ, ಊಟ, ಪೂಜೆ ಎಲ್ಲವನ್ನೂ ನಸುಕಿಗೂ ರಾತ್ರಿಗೂ ಹೊಂದಿಸಿಕೊಂಡ ಊರನ್ನು ಆರಿಸಿಕೊಂಡು ಆ ಊರಿನ ಹೊತ್ತಿಗೇ ನಾವೂ ನಡೆದರೆ, ಬಿಸಿಲು ನಮ್ಮನ್ನು ಅಷ್ಟಾಗಿ ಕಾಡದು. ಅಂಥ ಊರುಗಳಲ್ಲಿ ನಮಗೆ ಹತ್ತಿರದ್ದು ಮಧುರೈ.

ಏಪ್ರಿಲ್, ಮೇ ತಿಂಗಳಲ್ಲಿ ಮಧುರೈಗೆ ಹೋಗುವುದೆಂದರೆ ಯಾರಾದರೂ ಹುಬ್ಬೇರಿಸುತ್ತಾರೆ. ಮಧ್ಯಾಹ್ನದ ಉಷ್ಣಾಂಶ 38 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ. 40 ಮುಟ್ಟುವ ದಿನಗಳೂ ಇವೆ. ಆದರೆ ಮೀನಾಕ್ಷಿ ದೇವಾಲಯದ ವೇಳೆಯನ್ನು ಗಮನಿಸಿ. ಬೆಳಗಿನ ಜಾವ ಐದರ ಸುಮಾರಿಗೆ ತೆರೆಯುವ ಬಾಗಿಲು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಮುಚ್ಚಿ, ಮತ್ತೆ ತೆರೆಯುವುದು ನಾಲ್ಕಕ್ಕೆ. ರಾತ್ರಿ ಒಂಬತ್ತು ದಾಟಿದರೂ ಒಳಗೆ ಜನ ಇರುತ್ತಾರೆ. ಊರಿನ ನಡುವೆ ಕುಳಿತಿರುವ ದೇವಿಯೇ ಮಧ್ಯಾಹ್ನ ವಿಶ್ರಾಂತಿಗೆ ಹೋಗುವಾಗ, ಬಂದವರು ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಟು ಸಂಜೆ ಆರಕ್ಕೆ ಕೋಣೆ ಸೇರುತ್ತಾರೆ. ಆ ದೇವಾಲಯದಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ಹನ್ನೊಂದರ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡುವವನಿಗೆ ಹದಿನಾಲ್ಕು ಗೋಪುರಗಳಲ್ಲಿ ಒಂದನ್ನಾದರೂ ತಲೆಯೆತ್ತಿ ನೋಡುವ ವ್ಯವಧಾನ ಎಲ್ಲಿರುತ್ತದೆ? ಅದೇ ಜಾಗಕ್ಕೆ ಐದೂವರೆಗೆ ಹೋದರೆ ಪೊಟ್ರಾಮರೈ ಕೊಳದ ಮೆಟ್ಟಿಲ ಮೇಲೆ ಕುಳಿತುಕೊಳ್ಳಬಹುದು. ಸುಮಾರು 52 ಮೀಟರ್ ಎತ್ತರದ ತೆಂಕಣ ಗೋಪುರದ ಮೇಲೆ ಬೆಳಕು ಏರುವುದನ್ನು ನೋಡಬಹುದು. 985 ಕಂಬಗಳಿರುವ ಸಾವಿರ ಕಂಬದ ಮಂಟಪಕ್ಕೆ ಬೇಕಾದರೆ ಬಿಸಿಲೇರಿದ ಮೇಲೆ ಹೋಗಬಹುದು, ಅದು ನೆರಳು. ರಾತ್ರಿ ಮತ್ತೊಮ್ಮೆ ಹೋಗಬೇಕು. ಒಂಬತ್ತರ ನಂತರ ಮೀನಾಕ್ಷಿಯ ಪತಿ ಸುಂದರೇಶ್ವರನ ಪಾದಗಳನ್ನು ಪಲ್ಲಕ್ಕಿಯಲ್ಲಿಟ್ಟು, ವಾದ್ಯದೊಡನೆ ಮೀನಾಕ್ಷಿಯ ಶಯನಗೃಹಕ್ಕೆ ಕರೆತರುವ ಸೇವೆ ದಿನವೂ ನಡೆಯುತ್ತದೆ. ಹಗಲು ಮಾತ್ರ ನೋಡಿ ಹೋದವರಿಗೆ ಈ ದೇವಾಲಯದ ಅರ್ಧವೇ ದಕ್ಕಿದಂತೆ. ಮೊಬೈಲನ್ನು ಒಳಗೆ ಬಿಡದಿರುವುದು ಕೂಡ, ನನ್ನ ದೃಷ್ಟಿಯಲ್ಲಿ, ನೋಡುವವರಿಗೆ ಮಾಡಿದ ಉಪಕಾರವೇ.

ಇರುವುದೇ ಎರಡು ದಿನ, ಅದರಲ್ಲಿ ಮಧ್ಯಾಹ್ನವನ್ನೂ ಬಿಟ್ಟುಕೊಟ್ಟರೆ ಉಳಿಯುವುದೇನು ಎಂದು ಕೇಳಬಹುದು. ಲೆಕ್ಕ ಹಾಕಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಬೆಳಿಗ್ಗೆ ಐದರಿಂದ ಹತ್ತೂವರೆ, ಸಂಜೆ ನಾಲ್ಕೂವರೆಯಿಂದ ಹನ್ನೊಂದು: ಕೂಡಿದರೆ ಹನ್ನೆರಡು ಗಂಟೆ. ಒಂಬತ್ತರಿಂದ ಆರರವರೆಗಿನ ತಿರುಗಾಟ ಒಂಬತ್ತೇ ಗಂಟೆ. ಅದರಲ್ಲೂ ನಡುವಿನ ನಾಲ್ಕೈದು ಗಂಟೆ ನೀರಿನ ಬಾಟಲಿ, ನೆರಳು, ಮಕ್ಕಳ ಅಳು ಇವುಗಳಲ್ಲೇ ಕಳೆಯುತ್ತದೆ. ಮಧ್ಯಾಹ್ನದ ನಿದ್ದೆ ಇಲ್ಲಿ ಸೋಮಾರಿತನವಲ್ಲ, ನಸುಕನ್ನೂ ರಾತ್ರಿಯನ್ನೂ ಒಂದೇ ದಿನದಲ್ಲಿ ದಕ್ಕಿಸಿಕೊಡುವ ಉಪಾಯ. ಆದರೆ ಇದಕ್ಕೊಂದು ಷರತ್ತಿದೆ, ಅದನ್ನು ಕೋಣೆ ಕಾದಿರಿಸುವಾಗಲೇ ನೆನಪಿಡಬೇಕು. ಊರಾಚೆ ರಸ್ತೆಬದಿಯ ದೊಡ್ಡ ಹೋಟೆಲಿನ ಈಜುಕೊಳಕ್ಕೆ ಮರುಳಾಗಬೇಡಿ. ದೇವಾಲಯದ ಸುತ್ತ ಚೌಕದೊಳಗೆ ಚೌಕವಾಗಿ ಹಬ್ಬಿರುವ ಆಡಿ, ಚಿತ್ತಿರೈ, ಆವಣಿ ಮೂಲ, ಮಾಸಿ ಎಂದು ತಮಿಳು ತಿಂಗಳುಗಳ ಹೆಸರು ಹೊತ್ತ ಬೀದಿಗಳ ಆಸುಪಾಸಿನಲ್ಲಿ, ರೈಲು ನಿಲ್ದಾಣಕ್ಕೂ ನಡೆದು ಹೋಗುವಷ್ಟು ಹತ್ತಿರದಲ್ಲಿ, ಎ.ಸಿ. ಕೆಲಸ ಮಾಡುವ ಸಾದಾ ಲಾಡ್ಜ್ ಸಾಕು. ಹತ್ತು ನಿಮಿಷದಲ್ಲಿ ಕೋಣೆ ಸೇರುವಂತಿದ್ದರೆ ಮಾತ್ರ ದಿನವನ್ನು ಹೀಗೆ ಎರಡು ಪಾಲು ಮಾಡಲು ಸಾಧ್ಯ.

ರಾತ್ರಿಯ ವಿಷಯಕ್ಕೆ ಬಂದರೆ ಮಧುರೈಗೆ ಸರಿಸಾಟಿಯಾದ ಊರು ತೆಂಕಣದಲ್ಲಿ ಕಡಿಮೆ. ನಿದ್ರಿಸದ ನಗರ ಎಂದೇ ತಮಿಳರು ಅದನ್ನು ಕರೆಯುತ್ತಾರೆ, ಇದು ಈಚಿನ ಮಾತೂ ಅಲ್ಲ. ಸಂಗಂ ಕಾಲದ ಕವಿ ಮಾಂಗುಡಿ ಮರುದನಾರ್ ರಚಿಸಿದ ‘ಮದುರೈಕ್ಕಾಂಜಿ’ಯಲ್ಲಿ ಆ ಊರಿನ ಹಗಲು ಸಂತೆಯ ಜೊತೆಗೆ ರಾತ್ರಿ ಸಂತೆಯ ವರ್ಣನೆಯೂ ಬರುತ್ತದೆ. ಎಂದರೆ ವಿದ್ಯುತ್ ದೀಪ ಬರುವುದಕ್ಕೆ ಶತಮಾನಗಳ ಮೊದಲೇ ಇಲ್ಲಿನ ಜನ ಕತ್ತಲಾದ ಮೇಲೆ ಕೊಂಡು, ಮಾರಿ, ತಿಂದು ಬದುಕುತ್ತಿದ್ದರು. ಈಗಲೂ ಬಿಸಿಲು ಇಳಿದ ಮೇಲೆ ಬೀದಿಗೆ ಜೀವ ಬರುತ್ತದೆ. ಮೊದಲು ಕೆಳ ಮಾರೆಟ್ ಬೀದಿಯ ಕಡೆ ಜಿಗರ್‌ತಂಡ: ನೆನೆದು ಉಬ್ಬಿದ ಬಾದಾಮಿ ಅಂಟು, ಸೊಗದೆ ಬೇರಿನ ಪಾಕ, ಕಾಯಿಸಿ ಕೆಂಪಾಗಿಸಿದ ಹಾಲು, ಮೇಲೊಂದಿಷ್ಟು ಐಸ್‌ಕ್ರೀಂ. ಸೊಗದೆಯೂ ಬಾದಾಮಿ ಅಂಟೂ ಮೈಗೆ ತಂಪು ಎಂಬ ನಂಬಿಕೆಯಿದೆ. ಚಳಿಗಾಲದಲ್ಲಿ ಕುಡಿದವರಿಗೆ ಈ ಪಾನೀಯದ ಬೆಲೆ ಪೂರ್ತಿ ತಿಳಿಯುವುದಿಲ್ಲ. ತಾಟಿನುಂಗು ಸಿಗುವುದೂ ಬೇಸಿಗೆಯಲ್ಲೇ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಮಧುರೈ ಮಲ್ಲಿಗೆ ಹೇರಳವಾಗಿ ಅರಳುವುದೂ ಈ ತಿಂಗಳುಗಳಲ್ಲೇ. ಚಳಿಗಾಲದಲ್ಲಿ ಕೈಗೆಟುಕದ ಅದರ ದರ ಆಗ ಇಳಿದಿರುತ್ತದೆ. ರಾತ್ರಿ ಎಂಟರ ನಂತರ ಊಟ. ಮಾಂಸ ತಿನ್ನುವವರಿಗೆ ಸಿಮ್ಮಕ್ಕಲ್ ಕಡೆಯ ಮೆಸ್‌ಗಳಲ್ಲಿ ಕರಿ ದೋಸೆ: ದಪ್ಪ ದೋಸೆಯ ಮೇಲೆ ಮೊಟ್ಟೆ, ಅದರ ಮೇಲೆ ಬೇಯಿಸಿದ ಮಟನ್ ಹರಡಿ ಕಾವಲಿಯಲ್ಲೇ ಮಗುಚಿ ಹಾಕಿದ್ದು. ಬೀದಿಬದಿಯಲ್ಲಿ ಬನ್ ಪರೋಟ, ಅದಕ್ಕೆ ಸಾಲ್ನಾ ಎಂಬ ಸಾರು, ಎರಡು ಸಟ್ಟುಗಗಳ ತಾಳದಲ್ಲಿ ಕೊಚ್ಚುವ ಕೊತ್ತು ಪರೋಟ. ಸಸ್ಯಾಹಾರಿಗಳು ಪೆಚ್ಚಾಗಬೇಕಿಲ್ಲ. ನಮ್ಮಲ್ಲಿ ಬೆಳಗಿನ ತಿಂಡಿಯಾದ ಇಡ್ಲಿ ಅಲ್ಲಿ ರಾತ್ರಿಯ ಊಟವೂ ಹೌದು. ಬಾಳೆಲೆಯ ಮೇಲೆ ಹಬೆಯಾಡುವ ಇಡ್ಲಿ, ಸುತ್ತ ಮೂರ್ನಾಲ್ಕು ಬಗೆಯ ಚಟ್ನಿ. ಮಟಮಟ ಮಧ್ಯಾಹ್ನ ಹೊಟ್ಟೆ ಬಿರಿಯ ಊಟ ಮಾಡಿ ರಾತ್ರಿ ಹಸಿವಿಲ್ಲದೆ ಈ ಬೀದಿಗಳಲ್ಲಿ ಅಲೆಯುವುದು ದೊಡ್ಡ ನಷ್ಟ. ಮಧ್ಯಾಹ್ನಕ್ಕೆ ಮೊಸರನ್ನ ಸಾಕು.

ಇದನ್ನು ನೈಟ್‌ಲೈಫ್ ಎನ್ನಬಹುದೇ ಎಂದು ಕಿರಿಯರು ತಕರಾರು ತೆಗೆಯಬಹುದು. ಬೆಂಗಳೂರಿನ ಪಬ್ಬುಗಳಂಥ ಸಂಗೀತ, ಕುಣಿತ ಮಧುರೈಯಲ್ಲಿ ಹುಡುಕಿದರೆ ನಿರಾಸೆ ಖಂಡಿತ. ಅದೇ ಬೇಕಿದ್ದವರು ಗೋವಾಕ್ಕೋ ಪುದುಚೇರಿಗೋ ಹೋಗುವುದೇ ಸರಿ. ಅವರ ಆಸೆ ತಪ್ಪು ಎಂದು ಹೇಳಲಾರೆ. ಆದರೆ ರಾತ್ರಿಯ ಬದುಕೆಂದರೆ ಅದೊಂದೇ ಎಂದು ಒಪ್ಪುವುದು ಕಷ್ಟ. ಪಬ್ಬಿನ ರಾತ್ರಿ ಒಂದು ವಯಸ್ಸಿನವರದ್ದು, ಒಂದು ಮಟ್ಟದ ಜೇಬಿನವರದ್ದು. ಮಧುರೈಯ ರಾತ್ರಿಯಲ್ಲಿ ಅಜ್ಜಿಗೂ ಜಾಗವಿದೆ, ಎಂಟು ವರ್ಷದ ಹುಡುಗಿಗೂ ಜಾಗವಿದೆ. ಮಕ್ಕಳು ಮಧ್ಯಾಹ್ನ ಮಲಗಿ ಎದ್ದಿದ್ದರೆ ರಾತ್ರಿ ಹತ್ತಕ್ಕೂ ಚುರುಕಾಗಿರುತ್ತಾರೆ. ಹೆಂಗಸರಿಗೆ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜನಸಂಚಾರವಿರುವ ಬೀದಿಯೇ ಅದಕ್ಕೆ ಇರುವ ಒಳ್ಳೆಯ ಉತ್ತರ. ದೇವಾಲಯದ ಸುತ್ತಲ ಬೀದಿಗಳಲ್ಲಿ ರಾತ್ರಿ ಸಂಸಾರಸ್ಥರೇ ಹೆಚ್ಚು. ಲಾಡ್ಜ್ ಹತ್ತಿರವಿರಲಿ ಎಂದು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ, ರಾತ್ರಿ ಗೊತ್ತಿಲ್ಲದ ದಾರಿಯಲ್ಲಿ ಆಟೋ ಹಿಡಿದು ದೂರ ಹೋಗುವ ಪ್ರಮೇಯವೇ ಇರಬಾರದು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನಾವು ತಂಪು ಹೊತ್ತು ಎಂದು ಸವಿಯುವ ಆ ಗಂಟೆಗಳಲ್ಲಿ ಪರೋಟ ಬಡಿಯುವವನು ಕಾದ ಕಲ್ಲಿನ ಮುಂದೆ ಬೆವರಿಳಿಸುತ್ತ ನಿಂತಿರುತ್ತಾನೆ. ಮಲ್ಲಿಗೆ ಕಟ್ಟುವ ಹೆಂಗಸು ನಸುಕಿಗೇ ಎದ್ದು ಹೂವಿನ ಮಾರುಕಟ್ಟೆಗೆ ಹೋಗಿ ಬಂದಿರುತ್ತಾಳೆ. ಅವರೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುವುದು ಬೇಡ.

ಹಾಗಾದರೆ ನೋಡಲು ಬೇರೆ ಏನೇನಿದೆ? ಬಹಳ ಇದೆ, ಅದರಲ್ಲಿ ಬಹಳಷ್ಟನ್ನು ಕೈಬಿಡಬೇಕು. ರಾಮೇಶ್ವರವನ್ನು ಇದೇ ಪ್ರವಾಸಕ್ಕೆ ಗಂಟು ಹಾಕಿದರೆ ಒಂದು ಇಡೀ ದಿನ ಹೆದ್ದಾರಿಯ ಪಾಲು. ಬಿಸಿಲು ತಗ್ಗಿದ ಮೇಲೆ ತಿರುಮಲೈ ನಾಯಕನ ಅರಮನೆಗೆ ಹೋಗಿ. 1636ರ ಈ ಅರಮನೆಯ ದೈತ್ಯ ಕಂಬಗಳು ನುಣುಪಾದ ಸುಣ್ಣದ ಗಾರೆ ಮೆತ್ತಿದವು. ಈಗ ಉಳಿದಿರುವುದು ಮೂಲ ಅರಮನೆಯ ಸಣ್ಣ ಭಾಗ. ನಾಯಕನ ಮೊಮ್ಮಗ ಚೊಕ್ಕನಾಥ ರಾಜಧಾನಿಯನ್ನು ತಿರುಚಿರಾಪಳ್ಳಿಗೆ ಒಯ್ದಾಗ ಬಹಳಷ್ಟನ್ನು ಕಿತ್ತು ಸಾಗಿಸಿದ. ಕನ್ನಡಿಗರಿಗೆ ಈ ಊರಿನ ನಂಟು ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಮಗ ಕಂಪಣ ಮಧುರೈಯ ಸುಲ್ತಾನರನ್ನು ಸೋಲಿಸಿದ. ಆ ದಂಡಯಾತ್ರೆಯನ್ನು ಅವನ ಪತ್ನಿ ಗಂಗಾದೇವಿ ‘ಮಧುರಾವಿಜಯಂ’ ಎಂಬ ಸಂಸ್ಕೃತ ಕಾವ್ಯವಾಗಿಸಿದಳು. ಮುಂದೆ ಇಲ್ಲಿ ಆಳಿದ ನಾಯಕರೂ ವಿಜಯನಗರದ ಕೈಕೆಳಗಿನವರಾಗಿಯೇ ಬಂದವರು. ಎರಡನೆಯ ದಿನದ ನಸುಕಿಗೆ ನಾನು ಆರಿಸುವುದು ಊರ ಪಶ್ಚಿಮಕ್ಕಿರುವ ಕೀಳಕುಯಿಲ್‌ಕುಡಿಯ ಸಮಣರ್ ಬೆಟ್ಟವನ್ನು. ತಾವರೆ ಕೊಳದ ಪಕ್ಕದಿಂದ ಮೆಟ್ಟಿಲೇರಿದರೆ ಸಾವಿರ ವರ್ಷಕ್ಕೂ ಹಳೆಯ ಜಿನ ಶಿಲ್ಪಗಳಿವೆ. ಬೆಟ್ಟದ ಮೇಲೆ ಒಂದು ಕನ್ನಡ ಶಾಸನವೂ ಇದೆ. ಎಂಟಕ್ಕೆಲ್ಲ ಇಳಿದುಬಿಡಬೇಕು, ಆಮೇಲೆ ಬಂಡೆ ಕಾಯುತ್ತದೆ. ಮಧ್ಯಾಹ್ನ ನಿದ್ದೆ ಬಾರದವರಿಗೆ ಸೂರಿನಡಿಯ ಎರಡು ಒಳ್ಳೆಯ ಜಾಗಗಳಿವೆ. ಒಂದು, ರಾಣಿ ಮಂಗಮ್ಮಾಳ್ ಅರಮನೆಯಲ್ಲಿ 1959ರಲ್ಲಿ ತೆರೆದ ಗಾಂಧಿ ಸ್ಮಾರಕ ವಸ್ತುಸಂಗ್ರಹಾಲಯ. ಗಾಂಧೀಜಿ 1921ರ ಸೆಪ್ಟೆಂಬರಿನಲ್ಲಿ ಅಂಗಿ ತೊರೆದು ತುಂಡು ಪಂಚೆ ಉಟ್ಟದ್ದು ಇದೇ ಊರಿನ ಮೇಲ ಮಾಸಿ ಬೀದಿಯ ಮನೆಯಲ್ಲಿ. ಅವರು ಗುಂಡೇಟು ತಿಂದ ದಿನ ಮೈಮೇಲಿದ್ದ, ನೆತ್ತರ ಕಲೆಯ ಬಟ್ಟೆ ಈ ಸಂಗ್ರಹಾಲಯದಲ್ಲಿದೆ. ಇನ್ನೊಂದು, ಹನ್ನೆರಡು ಕಿಲೋಮೀಟರ್ ಆಚೆ 2023ರಲ್ಲಿ ಆರಂಭವಾದ, ಉತ್ಖನನದಲ್ಲಿ ಸಿಕ್ಕ ವಸ್ತುಗಳ ಕೀಳಡಿ ವಸ್ತುಸಂಗ್ರಹಾಲಯ. ಎರಡರಲ್ಲಿ ಒಂದು ಸಾಕು.

ಬೆಂಗಳೂರಿನವರಿಗೆ ಈ ಯೋಜನೆ ರೈಲಿನ ವೇಳೆಗೂ ಚೆನ್ನಾಗಿ ಹೊಂದುತ್ತದೆ. 2024ರ ಆಗಸ್ಟ್ 31ರಂದು ಚಾಲನೆ ಪಡೆದ ವಂದೇ ಭಾರತ್ ಬೆಂಗಳೂರು ಕಂಟೋನ್ಮೆಂಟಿನಿಂದ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಹೊರಟು ರಾತ್ರಿ ಹತ್ತಕ್ಕೆ ಮೊದಲೇ ಮಧುರೈ ಮುಟ್ಟುತ್ತದೆ. ಬೇರೆ ಊರಾದರೆ ಹತ್ತಕ್ಕೆ ಇಳಿಯುವುದೆಂದರೆ ದಿನ ಮುಗಿದಂತೆ. ಇಲ್ಲಿ ಅದು ಊಟದ ಹೊತ್ತು. ಶುಕ್ರವಾರ ರಾತ್ರಿ ಇಳಿದು ಊಟ ಮಾಡಿ, ಶನಿವಾರವನ್ನು ನಸುಕು, ನಿದ್ದೆ, ರಾತ್ರಿ ಎಂದು ಕಳೆದು, ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿಳಿದರೆ, ಅದೇ ಸಂಜೆ ತೂತ್ತುಕುಡಿಯಿಂದ ಬರುವ ಮೈಸೂರು ಎಕ್ಸ್‌ಪ್ರೆಸ್ ಸೋಮವಾರ ಬೆಳಿಗ್ಗೆ ಮನೆ ತಲುಪಿಸುತ್ತದೆ. ಬೇಸಿಗೆಯಲ್ಲಿ ಈ ಗಾಡಿಗಳ ಟಿಕೆಟ್ ಬೇಗ ಮುಗಿಯುತ್ತದೆ, ಲಾಡ್ಜ್‌ಗಿಂತ ಮೊದಲು ರೈಲನ್ನು ಕಾದಿರಿಸಬೇಕು.

ಚಿತ್ತಿರೈ ಹಬ್ಬದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಏಪ್ರಿಲ್-ಮೇ ನಡುವೆ ಬರುವ ಈ ಹಬ್ಬದಲ್ಲಿ ಮೀನಾಕ್ಷಿಯ ಕಲ್ಯಾಣ, ರಥೋತ್ಸವ ಮುಗಿದ ಮೇಲೆ, ಹುಣ್ಣಿಮೆಯ ದಿನ ಅಳಗರ್ ಬೆಟ್ಟದಿಂದ ಬಂದ ಅಳಗರ್ ಸ್ವಾಮಿ ವೈಗೈ ನದಿಗೆ ಇಳಿಯುತ್ತಾನೆ. ಹಿಂದಿನ ರಾತ್ರಿ ಅವನನ್ನು ಎದುರುಗೊಳ್ಳುವ ಜನ, ಮರುರಾತ್ರಿ ಬೆಳಗಿನವರೆಗೆ ನಡೆಯುವ ದಶಾವತಾರ ಸೇವೆ, ಹೀಗೆ ಹಬ್ಬ ಕೂಡ ಬಿಸಿಲು ತಪ್ಪಿಸಿಕೊಂಡೇ ನಡೆಯುತ್ತದೆ. ಆದರೆ ಸೇರುವವರು ಲಕ್ಷಗಟ್ಟಲೆ. 2022ರಲ್ಲಿ ನದಿಗಿಳಿಯುವ ಸಂದರ್ಭದ ನೂಕುನುಗ್ಗಲಿನಲ್ಲಿ ಇಬ್ಬರು ಸತ್ತರು. ಮೊದಲ ಬಾರಿ ಹೋಗುವವರು, ಮಕ್ಕಳನ್ನೂ ವಯಸ್ಸಾದವರನ್ನೂ ಕರೆದೊಯ್ಯುವವರು ಆ ವಾರವನ್ನು ಬಿಟ್ಟು ಹತ್ತು ದಿನ ತಡವಾಗಿ ಹೋಗಲಿ. ಬೀದಿ ಸಡಿಲವಾಗಿರುತ್ತದೆ, ಕೋಣೆಯ ಬಾಡಿಗೆಯೂ ಇಳಿದಿರುತ್ತದೆ, ಮಲ್ಲಿಗೆ ಆಗಲೂ ಸಿಗುತ್ತದೆ. ಹಬ್ಬವನ್ನೇ ನೋಡಬೇಕೆಂದಿರುವವರು ಪಂಚಾಂಗ ನೋಡಿ ತಿಂಗಳುಗಳ ಮೊದಲೇ ಕೋಣೆ ಹಿಡಿಯಬೇಕು, ಅರಮನೆ, ಬೆಟ್ಟ, ವಸ್ತುಸಂಗ್ರಹಾಲಯ ಯಾವುದನ್ನೂ ಪಟ್ಟಿಗೆ ಸೇರಿಸದೆ ಆ ದಿನಗಳನ್ನು ಹಬ್ಬಕ್ಕೇ ಬಿಟ್ಟುಕೊಡಬೇಕು.