ದೇವತೆಗಳ ಪಾಲು, ರೈತನ ಪಾಲು

ಒಕ್ಕಲುತನದ ಪುಟದಲ್ಲಿ ಬೀರು-ವಿಸ್ಕಿಯ ಮಾತೇಕೆ ಎಂದು ಓದುಗ ಬಂಧುಗಳು ಬೇಸರಪಡಬಾರದು. ಬೀರು ಎಂಬುದು ಮೂಲದಲ್ಲಿ ಕಾಳಿನ ನೀರು. ಕಾಳು ಬೆಳೆಯುವವನು ರೈತ. ತನ್ನ ಕಣ ಬಿಟ್ಟುಹೋದ ಕಾಳು ಯಾರ ಕೈಯಲ್ಲಿ ಏನಾಗುತ್ತದೆ, ಅದರ ಬೆಲೆ ಯಾವ ಮೆಟ್ಟಿಲಲ್ಲಿ ಏರುತ್ತದೆ ಎಂಬುದನ್ನು ಅವನಲ್ಲದೆ ಮತ್ತಾರು ತಿಳಿಯಬೇಕು? ಬೆಂಗಳೂರಿನಲ್ಲಿ ನಾವು ಕಂಡದ್ದನ್ನೂ ರುಚಿ ನೋಡಿದ್ದನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಒಪ್ಪಿಸುತ್ತೇವೆ.

ಸಂಗತಿ ಹೀಗೆ. ನಮ್ಮ ತಮ್ಮನ ಮಗ ಬೆಂಗಳೂರಿನಲ್ಲಿ ನೌಕರಿಗಿದ್ದಾನೆ. ಯುಗಾದಿಗೆ ಲೋಹಾರೆಗೆ ಬಂದವನು ಹೊಲದ ಬದುವಿನ ಮೇಲೆ ಕೂತು, "ಕಾಕಾ, ಮುಂದಿನ ಹಿಂಗಾರಿಗೆ ಜ್ವಾಳ ಬಿಡ್ರಿ. ನಾಕು ಎಕರೆ ಪೂರಾ ಬಾರ್ಲಿ ಬಿತ್ತೋಣು. ಅಲ್ಲಿ ಬೀರಿನ ಧಂದೆ ಹ್ಯಾಂಗ ನಡದದ ನೋಡಿದ್ರ ನೀವೇ ಹೂಂ ಅಂತೀರಿ" ಎಂದ. ನೋಡದೆ ಹೂಂ ಅನ್ನುವುದಿಲ್ಲ ಎಂದೆವು. ರಾಶಿ ಮುಗಿದು ಕಣಿಕೆ ಬಣವೆಗೆ ಏರಿದ ಮೇಲೆ ಸೊಲ್ಲಾಪುರದಲ್ಲಿ ರೈಲು ಹಿಡಿದು ಅವನ ಹಿಂದೆ ಹೊರಟೆವು.

ಈಗ ಬೆಂಗಳೂರಿನಲ್ಲಿ ಊರು ತೋರಿಸುತ್ತ, ನಡುನಡುವೆ ಅಲ್ಲಿಯೇ ತಯಾರಾದ ಬೀರು-ವಿಸ್ಕಿಗಳ ರುಚಿ ತೋರಿಸುವ ಪ್ರವಾಸಗಳು ನಡೆಯುತ್ತವೆ. ಎಂಟು ಜನಕ್ಕೊಂದು ಗಾಡಿ, ವಿವರ ಹೇಳಲು ಒಬ್ಬ ಹುಡುಗ. ಆ ಗಾಡಿಯಲ್ಲಿ ಧೋತರ ಉಟ್ಟವರು ನಾವೊಬ್ಬರೇ. ಹುಡುಗನಂತೂ ಮರ್ಯಾದಸ್ಥ, ನಾವು ಕೇಳಿದ ಪ್ರಶ್ನೆಗೆಲ್ಲ ನಿಂತು ಉತ್ತರ ಕೊಟ್ಟ.

ಚಕ್ಕಡಿಯ ಮೇಲಿನ ಬೀರು

ಮೊದಲು ಗಾಡಿ ನಿಂತದ್ದು ವಿಠ್ಠಲ ಮಲ್ಯ ರಸ್ತೆಯಲ್ಲಿ. ಯುಬಿ ಸಿಟಿಯ ಗಾಜಿನ ಮಹಲುಗಳು ನಿಂತ ಈ ಜಾಗದಲ್ಲಿ ಹಿಂದೆ ಬೀರಿನ ಕಾರ್ಖಾನೆ ಇತ್ತು. ಬೆಂಗಳೂರಿನ ದಂಡು ಪ್ರದೇಶದ ಬ್ರಿಟಿಷ್ ಸಿಪಾಯಿಗಳೇ ಅಂದಿನ ಗಿರಾಕಿಗಳು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬವರು ದಕ್ಷಿಣದ ಐದು ಬೀರು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಆ ಕಾಲದಲ್ಲಿ ಬೀರನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ಸಾಗಿಸುತ್ತಿದ್ದರಂತೆ. 1947ರಲ್ಲಿ ವಿಠ್ಠಲ ಮಲ್ಯರು ಆ ಕಂಪನಿಯ ನಿರ್ದೇಶಕರಾದರು. ಎತ್ತು, ಗಾಡಿ, ಕಾಳು ಎಲ್ಲ ರೈತನವೇ. ಮಹಲು ಮಾತ್ರ ರೈತನದಲ್ಲ ಎಂದು ಅಲ್ಲಿ ನಿಂತಾಗ ನಮಗೆ ಅನ್ನಿಸಿತು.

ಅದು ದೊಡ್ಡ ಕಾರ್ಖಾನೆಗಳ ಕಥೆ. ಇತ್ತೀಚೆಗೆ ಬಂದವು ಕಿರು ಬೀರುಮನೆಗಳು. ಅಲ್ಲಿಯೇ ಕಾಸುವುದು, ಅಲ್ಲಿಯೇ ಬಡಿಸುವುದು. ನಮ್ಮ ರಾಜ್ಯದ ಪುಣೆಯಲ್ಲಿ ಡೂಲಾಲಿ 2009ರಲ್ಲಿ ಆರಂಭವಾಯಿತು. ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ 2010ರಲ್ಲಿ ಬಾಗಿಲು ತೆರೆಯಿತು. ಆಮೇಲೆ ಬೆಂಗಳೂರಿನಲ್ಲಿ ಬಡಾವಣೆಗೊಂದರಂತೆ ಹುಟ್ಟಿಕೊಂಡಿವೆ.

ಟಾಯ್ಟಿನಲ್ಲಿ ಪುಟ್ಟ ಪುಟ್ಟ ಗ್ಲಾಸುಗಳನ್ನು ನಮ್ಮ ಮುಂದೆ ಇಟ್ಟರು. ಗೋಧಿ ಸೇರಿಸಿದ ಬೀರಿಗೆ ಕಳಿತ ಬಾಳೆಹಣ್ಣಿನ ವಾಸನೆ. ಬಾಳೆಹಣ್ಣು ಹಾಕಿರುವುದಿಲ್ಲ, ಅದು ಹುದುಗಿನ ಗುಣ. ಬಾಸ್ಮತಿ ಅಕ್ಕಿ ಸೇರಿಸಿದ್ದು ತೆಳುವಾಗಿ, ನೀರಿನಷ್ಟು ಸಲೀಸಾಗಿ ಇಳಿಯಿತು. ಕಪ್ಪನೆಯದು ಹಂಚಿನ ಮೇಲೆ ಸೀದ ರೊಟ್ಟಿಯ ಅಂಚನ್ನು ನೆನಪಿಸಿತು. ಎಲ್ಲದರ ಕೊನೆಗೂ ನಾಲಗೆಯ ಮೇಲೆ ಒಂದು ಕಹಿ ಉಳಿಯುತ್ತದೆ. ಬೇವಿನ ಕಹಿಯಲ್ಲ, ಮೆಂತೆಯ ಕಹಿ. ಅದು ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಈ ಬಳ್ಳಿಗೆ ಚಳಿನಾಡು ಬೇಕು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ, ಉಳಿದದ್ದು ಹೆಚ್ಚಾಗಿ ಹೊರದೇಶದಿಂದ ಬರುತ್ತದೆ.

ಕಾಳು ಬೀರಾಗುವ ಬಗೆ

ಮತ್ತೊಂದು ಬೀರುಮನೆಯಲ್ಲಿ ಕಾಸುವವರೇ ಬಂದು ಕೆಲಸ ತೋರಿಸಿದರು. ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ಎರಡು ದಿನ ನೆನೆಸಿ, ಹರಡಿ, ನಾಲ್ಕೈದು ದಿನ ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಅದೇ ಮಾಲ್ಟ್. ಮೊಳೆಯುವಾಗ ಕಾಳಿನಲ್ಲಿ ಕಿಣ್ವಗಳು ಹುಟ್ಟುತ್ತವೆ. ಕಾಳಿನ ಹಿಟ್ಟನ್ನು ಸಕ್ಕರೆ ಮಾಡುವ ಶಕ್ತಿ ಅವುಗಳದು. ಮಾಲ್ಟನ್ನು ತರಿಯಾಗಿ ಒಡೆದು ಸುಮಾರು 65 ಡಿಗ್ರಿ ಕಾವಿನ ನೀರಿನಲ್ಲಿ ಒಂದು ತಾಸು ಇಟ್ಟರೆ ನೀರು ಸಿಹಿಯಾಗುತ್ತದೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಹುದುಗು ಬೆರೆಸಿ, ಕೆಲವು ವಾರ ತಣ್ಣಗೆ ಕೂಡಿಸಿದರೆ ಬೀರು. ಕೆಲಸದಲ್ಲಿ ಗುಟ್ಟೇನೂ ಇಲ್ಲ. ಶುಚಿ ಮತ್ತು ಕಾವಿನ ಲೆಕ್ಕ ತಪ್ಪಬಾರದು, ಅಷ್ಟೆ.

ಇಲ್ಲಿ ನಾವು ಮುಖ್ಯ ಪ್ರಶ್ನೆ ಕೇಳಿದೆವು: ಒಂದು ಲೀಟರಿಗೆ ಕಾಳೆಷ್ಟು? ಸಾಧಾರಣ ಬೀರಿಗೆ ಲೀಟರಿಗೆ 200 ಗ್ರಾಂ ಮಾಲ್ಟ್ ಎಂದರು. ಜೇಬಿನ ಪುಸ್ತಕ ತೆಗೆದು ಲೆಕ್ಕ ಹಾಕಿದೆವು. ಅರ್ಧ ಲೀಟರಿನ ಮಗ್ಗಿಗೆ 100 ಗ್ರಾಂ ಮಾಲ್ಟ್. ಅದಕ್ಕೆ ಬೇಕಾದ ಬಾರ್ಲಿ 125 ಗ್ರಾಂ. 2025-26ರ ಹಿಂಗಾರಿ ಮಾರಾಟದ ಹಂಗಾಮಿಗೆ ಕೇಂದ್ರ ಸರಕಾರ ಬಾರ್ಲಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 1980 ರೂಪಾಯಿ. ಅಂದರೆ ಒಂದು ಮಗ್ಗಿನಲ್ಲಿ ರೈತನಿಗೆ ಸೇರುವುದು ಎರಡೂವರೆ ರೂಪಾಯಿ. ಆ ಮಗ್ಗಿಗೆ ನಾವು ಕೊಟ್ಟದ್ದು ಮುನ್ನೂರು ರೂಪಾಯಿಗೆ ಕಡಿಮೆ ಇರಲಿಲ್ಲ. ನೂರಿಪ್ಪತ್ತು ಪಾಲಿನಲ್ಲಿ ಒಂದು ಪಾಲು! ಪಕ್ಕದಲ್ಲಿದ್ದ ಹುಡುಗ ಪುಸ್ತಕದೊಳಗೆ ಇಣಿಕಿ ನೋಡಿ ಸುಮ್ಮನಾದ.

ನ್ಯಾಯದ ಮಾತು ಹೇಳಬೇಕು. ಉಳಿದದ್ದೆಲ್ಲ ಮಾಲಕನ ಜೇಬಿಗೆ ಹೋಗುವುದಿಲ್ಲ. ಜಾಗದ ಬಾಡಿಗೆ, ಯಂತ್ರ, ಆಳುಗಳ ಸಂಬಳ, ಸರಕಾರದ ತೆರಿಗೆ, ಎಲ್ಲ ಅದರಲ್ಲಿಯೇ ಹೊರಡಬೇಕು. ಆದರೂ ಬೆಲೆ ಏರುವುದು ಹೊಲದಲ್ಲಲ್ಲ. ಮೊಳಕೆ ಬರಿಸುವಲ್ಲಿ, ಕಾಸುವಲ್ಲಿ, ಕೂಡಿಸಿ ಬಡಿಸುವಲ್ಲಿ ಎಂಬುದು ನಿಶ್ಚಯ.

ದೇವತೆಗಳ ಪಾಲು

ವಿಸ್ಕಿಯ ಸರದಿ ಬಂತು. 1948ರಲ್ಲಿ ಬೆಂಗಳೂರಿನಲ್ಲಿ ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್, 2004ರಲ್ಲಿ ತನ್ನ ಬಾರ್ಲಿ ವಿಸ್ಕಿಯನ್ನು ಮೊದಲು ಮಾರಾಟಕ್ಕಿಟ್ಟದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಒಯ್ದು ತೋರಿಸಿದ ಈ ಧೈರ್ಯವನ್ನು ಮೆಚ್ಚಬೇಕು.

ಬಟ್ಟಿಯಿಳಿಸಿದ ಸಾರವನ್ನು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಆಗ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್‌ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಹೋದರೆ ಬೆಂಗಳೂರಿನ ಕಾವಿಗೆ ಹತ್ತರಷ್ಟು ಅಥವಾ ಇನ್ನೂ ಹೆಚ್ಚು ಹೋಗುತ್ತದೆ. ಇದಕ್ಕೆ ಅವರ ಭಾಷೆಯಲ್ಲಿ 'ದೇವತೆಗಳ ಪಾಲು' ಎಂದು ಹೆಸರು. ಒಂದು ಬಾಟಲಿಗೆ, ದೇವತೆಗಳ ಪಾಲೂ ಸೇರಿ, ಬಾರ್ಲಿ ಒಂದೂವರೆ ಕಿಲೋದ ಆಸುಪಾಸು ಬೇಕಾದೀತು. ಅದರ ಬೆಲೆ ಮೂವತ್ತು ರೂಪಾಯಿ, ಬಾಟಲಿಗೆ ಸಾವಿರಾರು. ಹಾರಿಹೋಗುವ ಆವಿಗೂ ಒಂದು ಪಾಲು, ಅದಕ್ಕೊಂದು ಚೆಲುವಾದ ಹೆಸರು. ಬಿತ್ತಿದವನ ಪಾಲಿಗೆ ಹೆಸರಿಟ್ಟವರು ಮಾತ್ರ ಯಾರೂ ಇಲ್ಲ.

ನಮ್ಮ ಜೋಳದಿಂದ ಆಗದೆ?

ಬಾರ್ಲಿ ಬೆಳೆಯುವ ನಾಡು ರಾಜಸ್ಥಾನ, ಹರಿಯಾಣ, ಪಂಜಾಬ, ಉತ್ತರ ಪ್ರದೇಶ. ಹಾಗಾದರೆ ನಮ್ಮ ಜೋಳ ಆಗದೆ ಎಂದು ಕೇಳಿದೆವು. ಆಗುತ್ತದೆ. ಆಫ್ರಿಕದ ಹಳ್ಳಿಗರು ತಲೆತಲಾಂತರದಿಂದ ಜೋಳದ ಬೀರು ಕಾಸಿದ್ದಾರೆ. 1988ರಲ್ಲಿ ನೈಜೀರಿಯಾ ಸರಕಾರ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ಕಾರ್ಖಾನೆಗಳೇ ಜೋಳ-ಮೆಕ್ಕೆಜೋಳಕ್ಕೆ ತಿರುಗಿದವು. ಆದರೆ ತೊಡಕುಗಳಿವೆ. ಬಾರ್ಲಿಗೆ ಅಂಟಿದ ಸಿಪ್ಪೆಯೇ ಬಸಿಯುವಾಗ ಜರಡಿಯಾಗುತ್ತದೆ. ಒಕ್ಕಿದ ಜೋಳಕ್ಕೆ ಅದಿಲ್ಲ. ಜೋಳದ ಹಿಟ್ಟು ಸಡಿಲಾಗಲು ಕಾವು ಹೆಚ್ಚು ಬೇಕು. ಅಲ್ಲದೆ ಎಳೆ ಜೋಳ ಮೇಯ್ದ ದನ ಬೀಳುವುದು ನಮಗೆಲ್ಲ ಗೊತ್ತು; ಅದೇ ವಿಷ ಜೋಳದ ಮೊಳಕೆಯಲ್ಲಿಯೂ ಇರುತ್ತದೆ. ಒಣಗಿಸಿ, ಬೇರು-ಮೊಳಕೆಗಳನ್ನು ತಿಕ್ಕಿ ತೆಗೆಯದೆ ಬಳಸಬಾರದು.

2007ರಲ್ಲಿ ಮಹಾರಾಷ್ಟ್ರ ಸರಕಾರ ಜೋಳ, ಸಜ್ಜೆ, ಮೆಕ್ಕೆಜೋಳಗಳಿಂದ ಮದ್ಯಸಾರ ತೆಗೆಯುವ ಕಾರ್ಖಾನೆಗಳಿಗೆ ಉತ್ತೇಜನ ಕೊಡಹೊರಟಿತ್ತು. ಮಳೆಗೆ ಸಿಕ್ಕು ಕಪ್ಪಾದ ಜೋಳಕ್ಕೆ ಗಿರಾಕಿ ಸಿಗುತ್ತದೆ ಎಂಬುದು ಅದರ ವಾದ. ಉಣ್ಣುವ ಕಾಳನ್ನು ಕುಡಿತಕ್ಕೆ ಸುರಿಯಬೇಕೆ ಎಂದು ಆಗ ದೊಡ್ಡ ಕೂಗೆದ್ದಿತು. ಮಾತು ಕೋರ್ಟಿನವರೆಗೂ ಹೋಯಿತು.

ಬೀರುಮನೆಯಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ ವಸ್ತು ಮತ್ತೊಂದು. ಸಿಹಿನೀರು ಬಸಿದ ಮೇಲೆ ಉಳಿಯುವ ಚರಟ. ಸಕ್ಕರೆ ಹೋದರೂ ಪ್ರೋಟೀನು ಅದರಲ್ಲಿಯೇ ಉಳಿಯುತ್ತದೆ. ಬೆಂಗಳೂರಿನ ಸುತ್ತಿನ ಹೈನುಗಾರರು ಇದನ್ನು ದನಗಳಿಗೆ ಒಯ್ಯುತ್ತಾರೆ. ಮುಕ್ಕಾಲು ಪಾಲು ನೀರೇ ಇರುವುದರಿಂದ ಒಂದೆರಡು ದಿನದಲ್ಲಿ ಹುಳಿತು ಬೂಸು ಹಿಡಿಯುತ್ತದೆ. ತಾಜಾ ಇದ್ದಾಗಲೇ, ಮಿತವಾಗಿ, ಒಣಮೇವಿನ ಜೊತೆ ಹಾಕಬೇಕು. ದೂರದ ಹಳ್ಳಿಗೆ ಸಾಗಿಸಿದರೆ ಬಾಡಿಗೆಯೇ ಮೈಮೇಲೆ ಬಂದೀತು.

ಗಾಡಿ ನಿಲ್ಲದ ಕಡೆ

ಪ್ರವಾಸದ ಗಾಡಿ ಎಲ್ಲ ಕಡೆ ನಿಲ್ಲುವುದಿಲ್ಲ. ಇದೇ ಬೆಂಗಳೂರಿನಲ್ಲಿ 1981ರ ಜುಲೈಯಲ್ಲಿ ವಿಷದ ಕಳ್ಳಸಾರಾಯಿ ಕುಡಿದು ಮುನ್ನೂರರಷ್ಟು ಬಡವರು ಸತ್ತರು. 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ ಹೀಗೆಯೇ ನೂರಕ್ಕೂ ಮೇಲೆ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನೇ ನಿಲ್ಲಿಸಿತು. ಪುಟ್ಟ ಗ್ಲಾಸಿನಲ್ಲಿ ರುಚಿ ನೋಡಿ ಮನೆಗೆ ಹೋಗುವವರ ಕುಡಿತ ಬೇರೆ, ದಿನಗೂಲಿ ಸುರಿದು ಬರುವವರ ಕುಡಿತ ಬೇರೆ.

ನಮ್ಮ ಮನೆಯ ಮಾತನ್ನೂ ಹೇಳಿಬಿಡುತ್ತೇವೆ. ಈಗ ನಾಲ್ಕು ಎಕರೆ ಇರುವ ನಮ್ಮ ಹೊಲ ಅಜ್ಜನ ಕಾಲಕ್ಕೆ ಹನ್ನೊಂದು ಎಕರೆ ಇತ್ತು. ಮೊದಲು ಸಿಂದಿ, ಆಮೇಲೆ ಮೋಹದ ಹೂವಿನ ದಾರೂ. ಉದ್ರಿ ಬೆಳೆಯಿತು, ಏಳು ಎಕರೆ ಹೋಯಿತು. ಆಯಿ ಆ ಬದುವನ್ನು ದಾಟುವಾಗ ಇಂದಿಗೂ ಮುಖ ತಿರುಗಿಸಿ ನಡೆಯುತ್ತಾಳೆ. ನಮ್ಮ ಕಡೆಯ ಹೆಣ್ಣುಮಕ್ಕಳು 'ಆಡವಿ ಬಾಟಲಿ'ಗೆ ಮತ ಹಾಕಿ ಊರ ದಾರೂ ಅಂಗಡಿ ಮುಚ್ಚಿಸುವ ಹಕ್ಕು ಪಡೆದಿದ್ದಾರೆ. ಪಟ್ಟಿಯಲ್ಲಿರುವ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಗೆ ಮತ ಕೊಟ್ಟರೆ ಅಂಗಡಿ ಮುಚ್ಚಲೇಬೇಕು. ಬೀರಿಗೆ ಕಾಳು ಬೆಳೆಯುವ ವಿಚಾರ ಮಾಡುವವನು ಮೊದಲು ಅವರ ಮುಖ ನೋಡಬೇಕು.

ಹುಡುಗನಿಗೆ ಕೊಟ್ಟ ಉತ್ತರ

ಮರಳುವ ರೈಲು ಬರುವ ಮೊದಲು ಹುಡುಗ ಕೇಳಿದ: "ಏನಂತೀರಿ ಕಾಕಾ?"

ಬಾರ್ಲಿ ಬೇಡ ಎಂದೆವು. ಕೊಳ್ಳುವ ಮಾಲ್ಟಿನ ಕಾರ್ಖಾನೆ ನಮ್ಮ ಸಮೀಪದಲ್ಲಿಲ್ಲ. ಕರಾರಿಲ್ಲದೆ ಬಿತ್ತಿದರೆ ಅಡತಿಯವನು ಹೇಳಿದ್ದೇ ಬೆಲೆ. 2025-26ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3749 ರೂಪಾಯಿ, ಬಾರ್ಲಿಗಿಂತ ಬಹಳ ಮೇಲು. ಪೇಟೆಯಲ್ಲಿ ಬೆಲೆ ಕುಸಿದರೂ ಜೋಳ ನಮಗೆ ರೊಟ್ಟಿ ಕೊಡುತ್ತದೆ, ದನಕ್ಕೆ ಕಣಿಕೆ ಕೊಡುತ್ತದೆ. ಬಾರ್ಲಿಯಿಂದ ಕಣಿಕೆಯ ಬಣವೆ ಏಳುವುದಿಲ್ಲ.

ಆದರೆ ಈ ಪ್ರವಾಸದಿಂದ ಕಲಿಯುವುದು ಏನೂ ಇಲ್ಲವೆಂದಲ್ಲ. ಪಟ್ಟಣಿಗರು ದುಡ್ಡು ಕೊಟ್ಟದ್ದು ಕಾಳಿಗಲ್ಲ. ಅದು ತಯಾರಾಗುವ ಜಾಗದಲ್ಲಿಯೇ ಕೂತು, ಮಾಡಿದವರ ಬಾಯಿಂದ ಕಥೆ ಕೇಳುತ್ತ ರುಚಿ ನೋಡುವುದಕ್ಕೆ. ನಮ್ಮಲ್ಲಿ ಅಂಥದು ಇಲ್ಲವೆ? ಮಾಗಿಯ ಸೀತನಿ ಇದೆ, ಮರಾಠಿಯಲ್ಲಿ ಹುರಡಾ ಎನ್ನುವುದು. ಸೊಲ್ಲಾಪುರ, ಪುಣೆಯ ಕಡೆ ಹುರಡಾ ತಿನ್ನಲು ತಲೆಗಿಷ್ಟೆಂದು ಕೊಟ್ಟು ಹೊಲಕ್ಕೆ ಬರುವವರು ಎಷ್ಟೋ ಜನ. ಗುಳಭೇಂಡಿ, ಸುರ್ತಿಯಂಥ ಹಳೆಯ ತಳಿಗಳಿವೆ. ರಾಹುರಿಯ ಕೃಷಿ ವಿದ್ಯಾಪೀಠದ ಫುಲೆ ಉತ್ತರಾ ಇದೆ. ಅರ್ಧ ಎಕರೆಯನ್ನು ಮೂರು ತುಂಡು ಮಾಡಿ ಹತ್ತು ಹತ್ತು ದಿನ ಬಿಟ್ಟು ಬಿತ್ತಿದರೆ ಎಳೆತೆನೆ ಒಂದು ತಿಂಗಳ ತನಕ ಸಿಗುತ್ತದೆ. ಕುಳ್ಳಿನ ಕೆಂಡ, ಬೆಳ್ಳುಳ್ಳಿ ಹಿಂಡಿ, ಶೇಂಗಾ ಚಟ್ನಿ, ಬೆಲ್ಲ, ಕೆನೆ ಮೊಸರು. ಬೆಲೆ ಏರುವ ಆ ಮೆಟ್ಟಿಲು ಆಗ ನಮ್ಮ ಬದುವಿನ ಮೇಲೆಯೇ ಇರುತ್ತದೆ.

ಹುಡುಗ ಒಂದು ಗಳಿಗೆ ಸುಮ್ಮನಿದ್ದು, "ಹಂಗಾರ ಮಂದೀನ್ನ ಕರಕೊಂಡು ಬರೋದು ನಂದು, ತೆನಿ ಸುಡೋದು ನಿಮ್ದು" ಎಂದ. ಒಪ್ಪಿದೆವು. ಈ ಹಿಂಗಾರಿಗೆ ಅರ್ಧ ಎಕರೆ ಸೀತನಿಗೆ, ಮೂರೂವರೆ ಎಕರೆ ಮಾಲದಂಡಿಗೆ.

ರೈತ ಬಂಧುಗಳೆ, ಹೊಸ ಬೆಳೆಯ ಮಾತು ನಿಮ್ಮ ಮನೆಗೂ ಬಂದೀತು. ಬೇಡವೆನ್ನುವ ಮೊದಲು ಹೋಗಿ ನೋಡಿರಿ. ಹೂಂ ಅನ್ನುವ ಮೊದಲು ಜೇಬಿನ ಪುಸ್ತಕ ತೆಗೆದು ನಿಮ್ಮ ಪಾಲೆಷ್ಟೆಂದು ಲೆಕ್ಕ ಹಾಕಿರಿ. ದೇವತೆಗಳ ಪಾಲು ತಾನಾಗಿ ಹೋಗುತ್ತದೆ. ರೈತನ ಪಾಲನ್ನು ರೈತನೇ ಕೇಳಿ ಪಡೆಯಬೇಕು.