ಇಪ್ಪತ್ತೊಂದು ಸೆಕೆಂಡಿನ ಧೈರ್ಯ

ಬೀದಿಯಿಂದಲೋ ಆಶ್ರಯಕೇಂದ್ರದಿಂದಲೋ ತಂದ ನಾಯಿಯನ್ನು ಬೆಳಗ್ಗೆ ಮುಕ್ಕಾಲು ಗಂಟೆ ರಸ್ತೆಯಲ್ಲಿ ಸುತ್ತಾಡಿಸುತ್ತಾರೆ. ಅದು ಕಾಂಪೌಂಡ್ ಗೋಡೆಗೆ ಒತ್ತಿಕೊಂಡೇ ನಡೆಯುತ್ತದೆ, ಆಟೋ ಸದ್ದಿಗೆ ಕುಗ್ಗುತ್ತದೆ, ಬಾಲ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಕಂಬ, ಗಿಡ, ಮಣ್ಣಿನ ಗುಡ್ಡೆ ಯಾವುದೂ ಅದಕ್ಕೆ ಬೇಡ. ಸೋತು ಲಿಫ್ಟ್ ಹತ್ತಿ ಮನೆಗೆ ಬಂದು, ಬಾಗಿಲು ಹಾಕಿ, ಚೈನು ಬಿಚ್ಚಿದ್ದೇ ತಡ, ಹಾಲಿನ ಕಾಲೊರೆಸಿನ ಮೇಲೆ ನಿಂತು ನಿರುಮ್ಮಳವಾಗಿ ಉಚ್ಚೆ ಹೊಯ್ಯುತ್ತದೆ. ನೋಡಿದವರಿಗೆ ಇದು ಹಠ, ಸೊಕ್ಕು, ಬೀದಿ ಬುದ್ಧಿ. ನಾಯಿ ಬಾಲದ ಗಾದೆಯೂ ಆಗಲೇ ನೆನಪಾಗುತ್ತದೆ. ಆದರೆ ಅದು ಹೊರಗೆ ಮಾಡದೆ ಉಳಿದದ್ದಕ್ಕೂ ಒಳಗೆ ಬಂದು ಮಾಡಿದ್ದಕ್ಕೂ ಕಾರಣ ಒಂದೇ: ಸದ್ಯಕ್ಕೆ ಆ ನಾಯಿ ಮೈ ಸಡಿಲ ಬಿಡಬಹುದಾದ ಜಾಗ ಆ ಹಾಲು ಮಾತ್ರ. ಹಾಗಾಗಿ ಹೆದರಿದ ನಾಯಿಗೆ ಮನೆಯ ಶಿಸ್ತು ಕಲಿಸುವ ಕೆಲಸ ಮನೆಯ ಹೊರಗೆ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಮೂತ್ರಕೋಶ ಸ್ನಾಯುವಿನ ಒಂದು ಚೀಲ. ತುಂಬುವಾಗ ಅದರ ಗೋಡೆ ಸಡಿಲವಾಗಿರಬೇಕು, ಬಾಯಿ ಬಿಗಿಯಾಗಿರಬೇಕು. ಬರಿದಾಗುವಾಗ ಇದಕ್ಕೆ ತದ್ವಿರುದ್ಧ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳಿಸುವ ಗುಂಡಿ ಮೂತ್ರಕೋಶದಲ್ಲಿಲ್ಲ, ತಲೆಯಲ್ಲಿದೆ. ಮಿದುಳಕಾಂಡದ ಪಾನ್ಸ್ ಎಂಬ ಭಾಗದ ಒಂದು ಪುಟ್ಟ ತಾಣಕ್ಕೆ ಪೆಟ್ಟಾದರೆ ಬೆಕ್ಕುಗಳಿಗೆ ಮೂತ್ರ ಮಾಡುವುದೇ ಆಗುವುದಿಲ್ಲ ಎಂದು ಲಂಡನ್ನಿನ ವೈದ್ಯ ಬ್ಯಾರಿಂಗ್ಟನ್ 1925ರಲ್ಲಿ ತೋರಿಸಿಕೊಟ್ಟರು. ಆ ತಾಣಕ್ಕೆ ಈಗಲೂ ಅವರದೇ ಹೆಸರು. ಚೀಲ ತುಂಬಿದೆ ಎಂಬ ಸುದ್ದಿ ಕೆಳಗಿನಿಂದ ಮಿದುಳಿಗೆ ಹೋಗುತ್ತದೆ. ಆದರೆ ಈಗ ಬಿಡಬಹುದೇ, ಸುತ್ತ ಅಪಾಯವಿದೆಯೇ ಎಂಬ ತೀರ್ಮಾನ ಮೇಲಿನಿಂದ ಬರಬೇಕು. ಪ್ರಾಣಿ ಕಟ್ಟೆಚ್ಚರದಲ್ಲಿದ್ದಾಗ ಮೇಲುಗೈ ಪಡೆಯುವ ಸಿಂಪಥೆಟಿಕ್ ನರವ್ಯೂಹ ಎದೆಬಡಿತ ಏರಿಸುವುದರ ಜೊತೆಗೆ ಮೂತ್ರಕೋಶದ ಗೋಡೆಯನ್ನು ಸಡಿಲಿಸಿ ಅದರ ಕತ್ತನ್ನು ಬಿಗಿಯುತ್ತದೆ. ಓಡಲು ಸಿದ್ಧವಾದ ಮೈಗೆ ಉಚ್ಚೆ ಹೊಯ್ಯಲು ಪುರಸೊತ್ತಿಲ್ಲ.

ಪುರಸೊತ್ತು ಎಂದರೆ ಎಷ್ಟು? ಇದನ್ನೂ ಅಳೆದವರಿದ್ದಾರೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಪೆಟ್ರೀಷಿಯಾ ಯಾಂಗ್, ಡೇವಿಡ್ ಹೂ ಮತ್ತು ಸಂಗಡಿಗರು ಮೃಗಾಲಯದ ಪ್ರಾಣಿಗಳನ್ನು ಚಿತ್ರೀಕರಿಸಿ, ಮೂರು ಕಿಲೋಗಿಂತ ಭಾರದ ಸಸ್ತನಿಗಳೆಲ್ಲ, ಆನೆಯೂ ಸೇರಿ, ತುಂಬಿದ ಮೂತ್ರಕೋಶವನ್ನು ಸರಾಸರಿ 21 ಸೆಕೆಂಡಿನಲ್ಲಿ ಬರಿದುಮಾಡುತ್ತವೆ ಎಂದು 2014ರಲ್ಲಿ ಪ್ರಕಟಿಸಿದರು. ದೊಡ್ಡ ಪ್ರಾಣಿಗೆ ಉದ್ದದ ಮೂತ್ರನಾಳ. ಅದರಲ್ಲಿ ಗುರುತ್ವದ ಎಳೆತ ಹೆಚ್ಚಾಗಿ ಹರಿವಿನ ವೇಗವೂ ಹೆಚ್ಚುತ್ತದೆ, ಹೀಗಾಗಿ ಲೆಕ್ಕ ಸರಿಹೋಗುತ್ತದೆ. ಮರುವರ್ಷ ಇದಕ್ಕೆ ಇಗ್ ನೊಬೆಲ್ ಬಂತು, ಜನ ನಕ್ಕರು. ಹೆದರಿದ ನಾಯಿಯ ಕಡೆಯಿಂದ ನೋಡಿದರೆ ಆ ಸಂಖ್ಯೆ ನಗೆಯದಲ್ಲ. ಅಪರಿಚಿತ ಬೀದಿಯಲ್ಲಿ, ಕೊರಳಿಗೆ ಹಗ್ಗ ಬಿದ್ದಿರುವಾಗ, ಹಿಂಗಾಲು ಬಗ್ಗಿಸಿ ಇಪ್ಪತ್ತು ಸೆಕೆಂಡು ಅಲುಗಾಡದೆ ನಿಲ್ಲುವುದೆಂದರೆ ಯಾರು ಬಂದರೂ ಓಡಲಾರದ ಸ್ಥಿತಿಗೆ ತಾನಾಗಿ ಒಪ್ಪಿಕೊಂಡಂತೆ. ಮನುಷ್ಯರಿಗೂ ಇದು ಹೊಸತಲ್ಲ. 1976ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಗಂಡಸರ ಸಾರ್ವಜನಿಕ ಶೌಚಾಲಯದಲ್ಲಿ ಪುಸ್ತಕಗಳ ನಡುವೆ ಪೆರಿಸ್ಕೋಪ್ ಅಡಗಿಸಿಟ್ಟು ಒಂದು ಪ್ರಯೋಗ ಮಾಡಿದರು. ಒಂಟಿಯಾಗಿದ್ದವರಿಗೆ ಮೂತ್ರ ಶುರುವಾಗಲು ಸರಾಸರಿ 4.9 ಸೆಕೆಂಡು ಹಿಡಿದರೆ, ಪಕ್ಕದಲ್ಲೇ ಒಬ್ಬ ಬಂದು ನಿಂತಾಗ 8.4 ಸೆಕೆಂಡು ಬೇಕಾಯಿತು. ಪ್ರಯೋಗದ ನೈತಿಕತೆಯ ಬಗ್ಗೆ ಆಗಲೇ ಜಗಳವಾಯಿತು, ಆಗಬೇಕಾದದ್ದೇ. ಆದರೆ ಪಕ್ಕದಲ್ಲಿ ಒಬ್ಬ ನಿಂತದ್ದಕ್ಕೇ ನಮಗೆ ಹೀಗಾಗುವುದಾದರೆ, ನೀರಿನ ಟ್ಯಾಂಕರು ಹಾರ್ನ್ ಹೊಡೆಯುತ್ತಿರುವಾಗ ನಾಯಿಗೆ ಏನಾಗಬೇಡ?

ಇಲ್ಲೊಂದು ಆಕ್ಷೇಪ ಏಳುತ್ತದೆ. ಹೆದರಿ ಉಚ್ಚೆ ಹೊಯ್ದುಕೊಂಡ ಎಂದು ನಾವೇ ಆಡಿಕೊಳ್ಳುವುದಿಲ್ಲವೇ? ಭಯ ಉಚ್ಚೆಯನ್ನು ತಡೆಯುತ್ತದೆ ಎನ್ನುವುದು ಹೇಗೆ? ಎರಡೂ ನಿಜ, ಆದರೆ ಭಯ ಎರಡು ಬಗೆಯದು. ಎಡೆಬಿಡದ ಎಚ್ಚರಿಕೆ ಮೂತ್ರವನ್ನು ಕಟ್ಟುತ್ತದೆ. ತಟ್ಟನೆ ಎರಗಿದ ದಿಗಿಲು ಹಿಡಿತ ತಪ್ಪಿಸುತ್ತದೆ. ಇವೆರಡಕ್ಕೂ ಸೇರದ ಇನ್ನೊಂದಿದೆ: ಮನೆಗೆ ಬಂದ ದೊಡ್ಡವರು ನಾಯಿಯ ಮೇಲೆ ಬಾಗಿ ತಲೆಗೆ ಕೈ ಚಾಚಿದಾಗ ಅದು ಕಿವಿ ಹಿಂದಕ್ಕೊರಗಿಸಿ, ನೆಲಕ್ಕೆ ಕುಸಿದು, ಒಂದಿಷ್ಟು ಚೆಲ್ಲುತ್ತದೆ. ನಾಯಿಗಳ ಭಾಷೆಯಲ್ಲಿ ಅದು ಶರಣಾಗತಿ, ನಿನ್ನೊಡನೆ ನನಗೆ ಜಗಳವಿಲ್ಲ ಎಂಬ ಸಂದೇಶ. ಅದಕ್ಕೆ ಗದರಿದರೆ ಸಂದೇಶ ತಲುಪಲಿಲ್ಲವೆಂದು ಬಗೆದು ಅದು ಇನ್ನಷ್ಟು ಚೆಲ್ಲುತ್ತದೆ. ಪಕ್ಕಕ್ಕೆ ತಿರುಗಿ ಕುಕ್ಕುರುಗಾಲಲ್ಲಿ ಕೂತು, ನಾಯಿ ತಾನೇ ಬರುವತನಕ ಸುಮ್ಮನಿರುವುದು ಇದಕ್ಕೆ ಮದ್ದು. ಇವೆಲ್ಲಕ್ಕೂ ಮೊದಲು ಪಶುವೈದ್ಯರಿಂದ ಒಂದು ಮೂತ್ರಪರೀಕ್ಷೆ ಆಗಿರಬೇಕು. ಮೂತ್ರನಾಳದ ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಯಾವುದಕ್ಕೂ ತರಬೇತಿ ಉತ್ತರವಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಕೆಲವು ಹೆಣ್ಣುನಾಯಿಗಳಿಗೆ ನಿದ್ದೆಯಲ್ಲೇ ಸೋರುವುದುಂಟು.

ಬೀದಿ ನಾಯಿಗೆ ಶುಚಿತ್ವ ಗೊತ್ತಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಮರಿಗಳು ಮೂರು ವಾರ ತುಂಬುವ ಹೊತ್ತಿಗೆ ಮಲಗುವ ಜಾಗ ಬಿಟ್ಟು ಆಚೆ ಹೋಗಿ ಮಾಡಲು ಶುರುಮಾಡುತ್ತವೆ. ಅದಕ್ಕೆ ಮುಂಚೆ ತಾಯಿ ನೆಕ್ಕಿ ಮಾಡಿಸಿ, ತಾನೇ ಸ್ವಚ್ಛ ಮಾಡುತ್ತಾಳೆ. ಮುಂದಿನ ವಾರಗಳಲ್ಲಿ ಪಾದಕ್ಕೆ ಯಾವ ನೆಲ ಸಿಕ್ಕಿತೋ ಅದೇ ಆ ಕೆಲಸದ ನೆಲವೆಂದು ಮನಸ್ಸಿನಲ್ಲಿ ಕೂರುತ್ತದೆ: ಮಣ್ಣು, ಮರಳು, ಹುಲ್ಲು. ಬೆಂಗಳೂರಿನಲ್ಲಿ ಪಾಲಿಕೆಯ 2023ರ ಸಮೀಕ್ಷೆ ಸುಮಾರು 2.79 ಲಕ್ಷ ಬೀದಿ ನಾಯಿಗಳನ್ನು ಅಂದಾಜಿಸಿತು. ಅವುಗಳಲ್ಲೊಂದು ಅಂಗಡಿ ಮೆಟ್ಟಿಲ ಮೇಲೆ ಮಲಗಿ, ಎದ್ದು, ಮೈಮುರಿದು, ರಸ್ತೆ ದಾಟಿ ಖಾಲಿ ಸೈಟಿನಲ್ಲಿ ಕೆಲಸ ಮುಗಿಸಿ ಬರುವುದನ್ನು ಯಾರು ಬೇಕಾದರೂ ನೋಡಬಹುದು. ಅದೇ ನಾಯಿಯನ್ನು ನಾಲ್ಕನೇ ಮಹಡಿಯ ಟೈಲ್ಸ್ ನೆಲಕ್ಕೆ ತಂದರೆ ಅದರ ಸೈಟೂ ಇಲ್ಲ, ಮಣ್ಣೂ ಇಲ್ಲ, ಬೇಕೆಂದಾಗ ಎದ್ದುಹೋಗುವ ಸ್ವಾತಂತ್ರ್ಯವೂ ಇಲ್ಲ. ಇರುವುದರಲ್ಲಿ ಮಣ್ಣಿನಂತೆ ಮೆತ್ತಗೆ ಹೀರಿಕೊಳ್ಳುವುದು ಕಾಲೊರೆಸು, ಇಲ್ಲವೇ ಹಾಸಿಗೆ. ಹಾಸಿಗೆ ಮೇಲೆ ಮಾಡಿತೆಂದರೆ ಸೇಡು ತೀರಿಸಿಕೊಂಡಿತು ಎನ್ನುವವರು ಆ ಹೀರುವ ಗುಣವನ್ನು ಮರೆಯುತ್ತಾರೆ.

ಇನ್ನು ಹೊಡೆತದ ಪ್ರಶ್ನೆ. ನಮ್ಮಜ್ಜನ ಕಾಲದಲ್ಲಿ ಉಚ್ಚೆಗೆ ಮೂತಿ ಉಜ್ಜಿ ಎರಡು ಬಿಟ್ಟರೆ ಸಾಕಿತ್ತು ಎನ್ನುವವರ ಅನುಭವ ಸುಳ್ಳಿರಲಿಕ್ಕಿಲ್ಲ. ಅಂಗಳದಲ್ಲಿ ಬೆಳೆದ, ಬಾಗಿಲು ತೆರೆದೇ ಇರುತ್ತಿದ್ದ ಧೈರ್ಯದ ಮರಿ ಹೊಡೆಯದಿದ್ದರೂ ಕಲಿಯುತ್ತಿತ್ತು. ಶ್ರೇಯಸ್ಸು ಹೊಡೆತಕ್ಕೆ ಹೋಯಿತು. ತಪ್ಪು ಅದಕ್ಕೇ ಗೊತ್ತು, ಮುಖ ನೋಡಿ ಎನ್ನುವುದು ಇನ್ನೊಂದು ವಾದ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14 ನಾಯಿಗಳ ಎದುರು ತಿಂಡಿಯಿಟ್ಟು, ತಿನ್ನಬೇಡ ಎಂದು ಹೇಳಿಸಿ, ಒಡೆಯರನ್ನು ಹೊರಗೆ ಕಳಿಸಲಾಯಿತು. ತಿಂದಿತೋ ಇಲ್ಲವೋ ಎಂಬುದನ್ನು ಒಡೆಯರಿಗೆ ಕೆಲವೊಮ್ಮೆ ಬೇಕೆಂದೇ ತಪ್ಪಾಗಿ ತಿಳಿಸಲಾಯಿತು. ತಪ್ಪಿತಸ್ಥ ಮುಖ ನಾಯಿ ಮಾಡಿದ ತಪ್ಪಿಗೆ ತಾಳೆಯಾಗಲಿಲ್ಲ, ಒಡೆಯರ ಗದರಿಕೆಗೆ ತಾಳೆಯಾಯಿತು. ತಿನ್ನದೆಯೂ ಬೈಸಿಕೊಂಡ ನಾಯಿಗಳ ಮುಖದಲ್ಲಿ ಅದು ಇನ್ನೂ ಗಾಢವಾಗಿತ್ತು. ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳನ್ನು ಗಮನಿಸಿದ 2020ರ ಅಧ್ಯಯನದಲ್ಲಿ, ಗದರಿಸಿ ಜಗ್ಗಿ ಕಲಿಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚಿತ್ತು. ಆದರೆ ನನಗೆ ಇದಕ್ಕಿಂತ ತೂಕದ್ದೆನಿಸುವುದು ಒಂದು ಸಾದಾ ತರ್ಕ. ಮನೆಯೊಳಗೆ ಮಾಡುವಾಗ ಹೊಡೆಸಿಕೊಂಡ ನಾಯಿ ಕಲಿಯುವ ಪಾಠ ‘ಒಳಗೆ ಮಾಡಬಾರದು’ ಎಂಬುದಲ್ಲ, ‘ಈ ಮನುಷ್ಯನ ಎದುರು ಮಾಡಬಾರದು’ ಎಂಬುದು. ನಾಳೆ ಬೀದಿಯಲ್ಲಿ ಚೈನಿನ ಇನ್ನೊಂದು ತುದಿ ಹಿಡಿದು ನಿಲ್ಲುವವನು ಅದೇ ಮನುಷ್ಯ. ಆಗ ನಾಯಿ ಹೊರಗೆ ಕಟ್ಟಿಕೊಂಡು ಬಂದು, ಸೋಫಾದ ಹಿಂದೆ ಕದ್ದು ಮಾಡುತ್ತದೆ.

ಹಾಗಾದರೆ ಸುಮ್ಮನೆ ಒರೆಸುತ್ತಾ ಕೂರಬೇಕೇ? ಇಲ್ಲ, ಆ ಇಪ್ಪತ್ತೊಂದು ಸೆಕೆಂಡನ್ನು ಹೊರಗೆ ಕಟ್ಟಿಕೊಡಬೇಕು. ಬೆಳಗಿನ ಐದು ಗಂಟೆ, ಹಾಲಿನ ವ್ಯಾನು ಬರುವುದಕ್ಕೂ ಮುಂಚೆ. ಊರು ಸುತ್ತಿಸುವ ಬದಲು ದಿನವೂ ಒಂದೇ ಹೊಂಗೆಮರದ ಬುಡ. ನಾಯಿ ನಾಲ್ಕು ಹೆಜ್ಜೆ ದೂರ ಹೋಗಲು ಬಿಡುವ ಉದ್ದನೆಯ ಹಗ್ಗ. ಹಿಡಿದವರ ದೃಷ್ಟಿ ಬೇರೆಲ್ಲೋ. ಮನೆಯಲ್ಲಿ ಉಚ್ಚೆ ಒರೆಸಿದ ಬಟ್ಟೆಯನ್ನು ಆ ಬುಡದಲ್ಲಿ ಹಿಂಡಿದರೆ ಅಲ್ಲಿ ಅದರ ರುಜು ಬಿದ್ದಂತಾಗುತ್ತದೆ. ಕೆಲಸ ಮುಗಿಯುವ ಮುನ್ನ ಶಭಾಷ್ ಎಂದು ಕೂಗಿದರೆ ಅದು ಅರ್ಧಕ್ಕೇ ನಿಲ್ಲಿಸುತ್ತದೆ. ಮುಗಿದ ಮೇಲೆ, ತಡಮಾಡದೆ, ತಿಂಡಿ. ಧೈರ್ಯದ ನಾಯಿಯಾದರೆ ಕೆಲಸವಾದ ಕೂಡಲೇ ಮನೆಗೆ ಎಳೆತರಬೇಡಿ, ಸುತ್ತಾಟ ಮುಗಿಯಿತೆಂದು ಮುಂದಿನ ಸಲ ತಡಮಾಡುತ್ತದೆ ಎನ್ನುತ್ತಾರೆ. ಹೆದರಿದ ನಾಯಿಗೆ ಈ ಸೂತ್ರ ತಿರುಗುಮುರುಗು: ಅದಕ್ಕೆ ಮನೆಗೆ ಮರಳುವುದೇ ಬಹುಮಾನ, ಕೊಟ್ಟುಬಿಡಿ. ಗೇಟು ದಾಟಲೂ ಆಗದ ನಾಯಿಗೆ ಬಾಲ್ಕನಿಯಲ್ಲಿ ಒಂದು ಟ್ರೇ ಸಾಕು, ಆದರೆ ಅದರಲ್ಲಿ ಪೇಪರಿನ ಬದಲು ಅದೇ ಮರದ ಬುಡದ ಮಣ್ಣಿರಲಿ. ಬಾಲ್ಕನಿಗೆ ಒಗ್ಗಿದ ನಾಯಿ ಹೊರಗೆ ಮಾಡುವುದೇ ಇಲ್ಲ ಎಂಬ ದೂರು ಬಹುಮಟ್ಟಿಗೆ ಪೇಪರಿಗೆ ಒಗ್ಗಿಸಿದವರದು. ಮನೆಯೊಳಗಿನ ಗುರುತನ್ನು ಫಿನಾಯಿಲ್ ಅಳಿಸುವುದಿಲ್ಲ, ನಮ್ಮ ಮೂಗನ್ನಷ್ಟೇ ಮೋಸ ಮಾಡುತ್ತದೆ. ಮೂತ್ರದ ಯೂರಿಯಾ ಕೊಳೆತು ಅಮೋನಿಯಾ ಆಗುವುದರಿಂದ ಅಮೋನಿಯಾ ಇರುವ ದ್ರಾವಣವಂತೂ ಹೊಸದಾಗಿ ಆಹ್ವಾನ ಕೊಟ್ಟಂತೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಕಿಣ್ವದ ದ್ರಾವಣ ಮೇಲು.

ಎಷ್ಟು ದಿನ ಎಂದರೆ ಲೆಕ್ಕ ಕೊಡಲಾಗದು. ಒಹಾಯೊದ ಆಶ್ರಯಕೇಂದ್ರವೊಂದರಲ್ಲಿ 1997ರಲ್ಲಿ ಅಳೆದಾಗ ಹೊಸದಾಗಿ ಬಂದ ನಾಯಿಗಳ ರಕ್ತದಲ್ಲಿ ಮೊದಲ ಮೂರು ದಿನ ಕಾರ್ಟಿಸಾಲ್ ಮನೆನಾಯಿಗಳದರ ಸುಮಾರು ಮೂರು ಪಟ್ಟಿತ್ತು. ಆ ಅವಧಿಯಲ್ಲಿ ಪಾಠ ಹೇಳುವುದೇ ವ್ಯರ್ಥ. ಕಲಿತದ್ದೂ ಒಂದೇಟಿಗೆ ಹೋಗಬಹುದು. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾದಿಗೆ ನೆರೆ ಬಂದು, ನಾಯಿಗಳ ಕಲಿಕೆಯ ಮೇಲೆ ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿ ಪಾವ್ಲೊವ್ ಅವರ ನಾಯಿಮನೆಗಳು ಮುಳುಗಿದವು. ನೀರಿನಿಂದ ಪಾರುಮಾಡಿ ತಂದ ನಾಯಿಗಳಲ್ಲಿ ಕೆಲವು, ತಿಂಗಳುಗಟ್ಟಲೆ ಕಲಿತಿದ್ದ ಪ್ರತಿಕ್ರಿಯೆಗಳನ್ನು ಕಳೆದುಕೊಂಡಿದ್ದವು. ಚೇತರಿಸಿಕೊಂಡ ಮೇಲೂ ಪ್ರಯೋಗದ ಕೋಣೆಯ ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಹರಿಸಿದ್ದಕ್ಕೆ ಒಂದು ನಾಯಿ ಮತ್ತೆ ಹಳೆಯ ಸ್ಥಿತಿಗೆ ಮರಳಿತು. ನಮ್ಮಲ್ಲಿ ಆ ನೀರು ದೀಪಾವಳಿಯ ಪಟಾಕಿ. ನರಕಚತುರ್ದಶಿಗೆ ಮುಂಚಿನ ವಾರದವರೆಗೂ ಹೊಂಗೆಮರದ ಬುಡದಲ್ಲಿ ನೆಮ್ಮದಿಯಾಗಿ ನಿಲ್ಲುತ್ತಿದ್ದ ನಾಯಿ ಬಲಿಪಾಡ್ಯಮಿಯ ಮರುದಿನ ಲಿಫ್ಟಿನ ಬಾಗಿಲಲ್ಲೇ ನಾಲ್ಕೂ ಕಾಲು ಊರಿ ನಿಂತರೆ, ಎಳೆಯದೆ, ಬಾಲ್ಕನಿಯ ಟ್ರೇಗೆ ಮತ್ತೆ ಮಣ್ಣು ತುಂಬಬೇಕು.