ಮಾತಲೆಯ ಮೆಣಸು, ಕೊಡಗಿನ ಕಣ

ಶ್ರೀಲಂಕೆಯ ಕ್ಯಾಂಡಿಯಿಂದ ದಂಬುಲ್ಲಾ ಕಡೆಗೆ ಉತ್ತರಕ್ಕೆ ಹೊರಟ ರಸ್ತೆ ಮಾತಲೆಯ ಬಳಿ ಬರುತ್ತಲೇ ಹಸಿರಿನೊಳಗೆ ಹೊಕ್ಕುಬಿಡುತ್ತದೆ. ಪ್ರವಾಸಿಗರಿಗೆಂದು ಹಲಗೆ ತೂಗುಹಾಕಿದ ಸಾಂಬಾರ ತೋಟಗಳು ಮೊದಲು ಎದುರಾಗುತ್ತವೆ. ಅವುಗಳ ಹಿಂದೆ, ಗುಡ್ಡದ ಓರೆಯಲ್ಲಿ, ಮನೆಗೊಂದರಂತೆ ಪುಟ್ಟ ಹಿತ್ತಿಲುಗಳು. ತೆಂಗು, ಬಾಳೆ, ಕೋಕೋ, ಜಾಯಿಕಾಯಿ ಎಲ್ಲ ಒತ್ತೊತ್ತಾಗಿ ನಿಂತಿವೆ. ನಡುನಡುವೆ ಗೊಬ್ಬರದ ಗಿಡದ ಕಂಬಗಳನ್ನು ತಬ್ಬಿಕೊಂಡು ಮೆಣಸಿನ ಬಳ್ಳಿಗಳು ಏರಿವೆ. ಅಂಗಳದ ಚಾಪೆಯ ಮೇಲೆ ಕಾಳು ಹರಡಿದೆ. ಬೆಳಗ್ಗೆ ಹಸಿರಾಗಿದ್ದದ್ದು ಬಿಸಿಲೇರಿದಂತೆ ಕಂದಾಗಿ, ದಿನಗಳು ಕಳೆದಂತೆ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಕೋಳಿ ಓಡಿಸಲು ಒಬ್ಬ ಅಜ್ಜಿ, ಮೋಡ ಕಂಡರೆ ಚಾಪೆ ಸುತ್ತಲು ಮಕ್ಕಳು.

ಕಡಲಿನ ಈಚೆ, ಕೊಡಗಿನಲ್ಲಿ, ಕಾಫಿ ಕೊಯ್ಲು ಮುಗಿಯುತ್ತ ಬಂದಂತೆ ಮೆಣಸಿನ ಸರದಿ. ಇಲ್ಲಿ ಬಳ್ಳಿಗೆ ಆಸರೆ ಸಿಲ್ವರ್ ಓಕ್, ಹಾಲುವಾಣ ಮತ್ತು ಕಾಡುಮರಗಳು. ಮರಕ್ಕೆ ಉದ್ದನೆಯ ಏಣಿ ಆನಿಸಿ, ಹೆಗಲಿಗೆ ಚೀಲ ಕಟ್ಟಿಕೊಂಡು ಆಳು ಮೇಲೇರುತ್ತಾನೆ. ಕೆಳಗೊಬ್ಬ ಏಣಿ ಹಿಡಿದು ನಿಂತಿರುತ್ತಾನೆ. ಕಾಲು ಜಾರಿದರೆ ಸೊಂಟವೇ ಮುರಿಯುವ ಕೆಲಸ. ಹೀಗಾಗಿ ಕೂಲಿಯೂ ಹೆಚ್ಚು, ಆಳೂ ಅಪರೂಪ. ಬಿಡಿಸಿದ ಕಾಳು ಕಣಕ್ಕೆ ಬಂದು ಒಣಗುತ್ತದೆ. ಸಂಜೆ ಮಾಲೀಕ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ, ಊದಿ, ಜೊಳ್ಳು ಹಾರಿಸಿ, ವ್ಯಾಪಾರಿಗೆ ಫೋನ್ ಮಾಡುತ್ತಾನೆ: "ಇವತ್ತೆಷ್ಟು?" ಆ ಕಡೆಯಿಂದ ಬರುವ ಉತ್ತರವನ್ನು ಒಂದು ಲೀಟರ್ ಕಾಳಿನ ತೂಕವೊಂದೇ ನಿರ್ಧರಿಸುವುದಿಲ್ಲ. ದೂರದ ಬಂದರಿನಲ್ಲಿ ಮೊಹರು ಬೀಳುವ ಒಂದು ಕಾಗದಕ್ಕೂ ಅದರಲ್ಲಿ ಪಾಲಿದೆ.

ಆ ಕಾಗದದ ಹೆಸರು ಮೂಲ ಪ್ರಮಾಣಪತ್ರ: ಸರಕು ಯಾವ ದೇಶದ್ದೆಂದು ಹೇಳಿ, ಸುಂಕದ ರಿಯಾಯಿತಿಗೆ ಬಾಗಿಲು ತೆರೆಯುವ ಪತ್ರ. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರ್‌ನಲ್ಲಿ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. 2000ದ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ದೊಡ್ಡ ದೇಶ ಚಿಕ್ಕ ದೇಶಕ್ಕೆ ಹೆಚ್ಚು ಬಿಟ್ಟುಕೊಡಬೇಕೆಂಬುದು ಅದರ ಒಳತಿರುಳು. ಸುಂಕ ಇಳಿಸಲು ಭಾರತ ಮೂರು ವರ್ಷ ತೆಗೆದುಕೊಂಡರೆ ಶ್ರೀಲಂಕೆಗೆ ಎಂಟು ವರ್ಷದ ಅವಕಾಶ ಸಿಕ್ಕಿತು. ಮೆಣಸಿನ ಆಮದಿಗೆ ಭಾರತದ ಸಾಮಾನ್ಯ ಸುಂಕ ಶೇ 70. ಆದರೆ ಲಂಕೆಯ ಮೆಣಸು ವರ್ಷಕ್ಕೆ 2,500 ಟನ್‌ವರೆಗೆ ಸುಂಕವಿಲ್ಲದೆ ಬರಬಹುದು. ಅದನ್ನು ಮೀರಿದ್ದಕ್ಕೆ ದಕ್ಷಿಣ ಏಷ್ಯಾ ಒಪ್ಪಂದವಾದ ಸಾಫ್ಟಾದಡಿ ಶೇ 8 ಮಾತ್ರ.

ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂಗೆ ಈ ಸಲಿಗೆ ಇಲ್ಲ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಭಾರತದ ಒಪ್ಪಂದದಲ್ಲಿ ಮೆಣಸು ವಿಶೇಷ ಸರಕು. ಶೇ 70ರ ಸುಂಕ ಮೆಟ್ಟಿಲು ಮೆಟ್ಟಿಲಾಗಿ ಶೇ 50ಕ್ಕೆ ಇಳಿದು ಅಲ್ಲೇ ನಿಂತಿದೆ. ಬರೀ ಲೆಕ್ಕಕ್ಕೆಂದು, ಕಿಲೋಗೆ 300 ರೂಪಾಯಿಯ ಮೆಣಸು ಎಂದಿಟ್ಟುಕೊಳ್ಳಿ. ವಿಯೆಟ್ನಾಂ ಸರಕೆಂದು ಬಂದರೆ 150 ರೂಪಾಯಿ ಸುಂಕ, ಲಂಕೆಯದೆಂದು ಬಂದರೆ ಸುಂಕರಹಿತ ಮಿತಿ ಮೀರಿದರೂ 24. ನಡುವಿನ 126 ರೂಪಾಯಿ ಆ ಕಾಗದದ ಬೆಲೆ. ಹತ್ತು ಟನ್ನಿಗೆ 12 ಲಕ್ಷ 60 ಸಾವಿರ ರೂಪಾಯಿ!

ಕೊಲಂಬೊ ಬಂದರಿನಲ್ಲಿ ಹಡಗಿನಿಂದ ಹಡಗಿಗೆ ಕಂಟೇನರ್‌ಗಳನ್ನು ದಾಟಿಸುವ ಕ್ರೇನ್‌ಗಳು ಹಗಲಿರುಳೂ ದುಡಿಯುತ್ತವೆ. ಅಲ್ಲಿಗೆ ಬಂದಿಳಿದ ವಿಯೆಟ್ನಾಂ ಕಾಳು, ಲಂಕೆಯ ಹೆಸರು ಹೊತ್ತು ಭಾರತದ ಬಂದರುಗಳಿಗೆ ತಲುಪುತ್ತಿದೆ ಎಂಬುದು ನಮ್ಮ ಬೆಳೆಗಾರರ ಹಳೆಯ ದೂರು. ಕಸ್ಟಮ್ಸ್ ಅಧಿಕಾರಿಯ ಮೇಜಿನ ಮೇಲೆ ಆಮದಿನ ವಿವರ ಹೇಳುವ ಬಿಲ್ ಆಫ್ ಎಂಟ್ರಿ, ಅದರ ಜೊತೆಗೆ ಪ್ರಮಾಣಪತ್ರ, ಪಕ್ಕದಲ್ಲಿ ಚೀಲದಿಂದ ತೆಗೆದ ಮಾದರಿ. ಕಾಳು ಯಾವ ಮಣ್ಣಿನದೆಂದು ಬರಿಗಣ್ಣಿಗೆ ತಿಳಿಯದು. ನಂಬುವುದೇನಿದ್ದರೂ ಕಾಗದವನ್ನೇ.

2015–16ರ ಸುಮಾರಿಗೆ ಕಿಲೋಗೆ 700 ರೂಪಾಯಿ ಮುಟ್ಟಿದ್ದ ಬೆಲೆ ಮುಂದಿನ ಎರಡು ವರ್ಷಗಳಲ್ಲಿ 400ರ ಕೆಳಕ್ಕೆ ಕುಸಿಯಿತು. ವಿಯೆಟ್ನಾಂನ ಭಾರೀ ಇಳುವರಿ ಅದಕ್ಕೆ ದೊಡ್ಡ ಕಾರಣ. ಅಗ್ಗದ ಆಮದು ಗಾಯಕ್ಕೆ ಉಪ್ಪು ಸವರಿತು. ಕೊಡಗಿನ ಗೋಣಿಕೊಪ್ಪಲಿನಲ್ಲಿ ಬೆಳೆಗಾರರು ಬೀದಿಗಿಳಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿ, ಮರುವರ್ಷ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿತು. 2020ರ ಸೆಪ್ಟೆಂಬರ್ 21ರಿಂದ ಇನ್ನೊಂದು ನಿಯಮ ಬಂತು: ರಿಯಾಯಿತಿ ಕೇಳುವ ಆಮದುದಾರನ ಬಳಿ ಪ್ರಮಾಣಪತ್ರವಿದ್ದರೆ ಸಾಲದು, ಸರಕು ಆ ದೇಶದ್ದೇ ಎಂಬುದಕ್ಕೆ ವಿವರಗಳೂ ಇರಬೇಕು. ಅನುಮಾನ ಬಂದರೆ ಅಧಿಕಾರಿ ಕೇಳಬಹುದು, ಉತ್ತರ ಸಮಾಧಾನ ತಾರದಿದ್ದರೆ ರಿಯಾಯಿತಿ ನಿರಾಕರಿಸಬಹುದು.

ಇಷ್ಟರಿಂದ ಸಲಿಗೆಯೇ ತಪ್ಪು ಎನ್ನಲು ಬರುವುದಿಲ್ಲ. ಬಡ ದೇಶದ ಸರಕಿಗೆ ಶ್ರೀಮಂತ ದೇಶಗಳು ಪ್ರತಿಫಲ ಕೇಳದೆ ಸುಂಕ ಇಳಿಸಬೇಕು ಎಂಬ ಮಾತಿಗೆ ಜಗತ್ತು ಒಪ್ಪಿದ್ದು 1968ರಲ್ಲಿ, ನಮ್ಮ ದೆಹಲಿಯಲ್ಲೇ ನಡೆದ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದಲ್ಲಿ. ಅದರ ಫಲವನ್ನು ಅಮೆರಿಕದ ಮಾರುಕಟ್ಟೆಯಲ್ಲಿ ದಶಕಗಳ ಕಾಲ ನಾವೂ ಉಂಡಿದ್ದೇವೆ. 2019ರ ಜೂನ್ 5ರಂದು ಅಮೆರಿಕ ಅದನ್ನು ಕಿತ್ತುಕೊಂಡಾಗ ನೊಂದಿದ್ದೇವೆ. ಬೇಡುವಾಗ ನ್ಯಾಯವಾಗಿದ್ದದ್ದು ಕೊಡುವಾಗ ಅನ್ಯಾಯ ಆಗದು. ಮೇಲಾಗಿ ಮಾತಲೆಯ ಕಾಳಿನಲ್ಲಿ ಖಾರದ ಸತ್ವವಾದ ಪೈಪರಿನ್ ಹೆಚ್ಚು. ಮೆಣಸಿನ ಸತ್ವ ತೆಗೆದು ರಫ್ತು ಮಾಡುವ ನಮ್ಮ ಕಾರ್ಖಾನೆಗಳಿಗೆ ಅದು ಬೇಕೇ ಬೇಕು.

ಹಾಗೆ ನೋಡಿದರೆ ಕಳ್ಳದಾರಿಯ ಕಾಳು ಇಬ್ಬರ ಅನ್ನಕ್ಕೂ ಕಲ್ಲು ಹಾಕುತ್ತದೆ. ಕೊಡಗಿನವನಿಗೆ ಬೆಲೆ ಕುಸಿಯುತ್ತದೆ, ಮಾತಲೆಯವನ ಹೆಸರಿನಲ್ಲಿ ಕೊಟ್ಟ ರಿಯಾಯಿತಿ ಮೂರನೆಯವನ ಜೇಬು ಸೇರುತ್ತದೆ. ಕನಿಷ್ಠ ಬೆಲೆಯ ಗೋಡೆಯೂ ಎಲ್ಲ ಕಾಲಕ್ಕೂ ಕಾಯುವುದಿಲ್ಲ. ಈಚಿನ ವರ್ಷಗಳಲ್ಲಿ ದೇಶದೊಳಗಿನ ಬೆಲೆ 600 ರೂಪಾಯಿ ದಾಟಿದ ಮೇಲೆ 500ರ ಗೋಡೆ ಗಿಡ್ಡವಾಗಿದೆ. ಆದ್ದರಿಂದ ನಮ್ಮ ಬೆಳೆಗಾರ ಸಂಘಟನೆಗಳು ಮುಂದೆ ದೆಹಲಿಗೆ ಮನವಿ ಒಯ್ಯುವಾಗ ಒಪ್ಪಂದ ರದ್ದಾಗಲಿ ಎನ್ನುವ ಬದಲು, ಪ್ರತಿ ಕಂಟೇನರಿನ ಮೂಲ ಪ್ರಮಾಣಪತ್ರದ ಪರಿಶೀಲನೆ ಬಿಗಿಯಾಗಲಿ ಎಂದು ಪಟ್ಟು ಹಿಡಿಯಲಿ.